ಸಿಡಿಲಿಗೆ ಹೋದ ಹಾರ್ಡ್ ಡಿಸ್ಕ್: ಬೋರ್ಡ್ ರಿಪೇರಿ ಮಾಡಿದರೆ ಡೇಟಾ ಸಿಗುತ್ತಾ?

ಮಲೆನಾಡಿನಲ್ಲಿ ಸಿಡಿಲಿನ ಕಾಟ ಜಾಸ್ತಿ ಇರುವುದು ಆರಿದ್ರಾ, ಪುಷ್ಯ ಮಳೆ ಜಡಿ ಹಿಡಿದು ಹೊಡೆಯುವಾಗ ಅಲ್ಲ. ಅದಕ್ಕೂ ಮೊದಲು, ಭರಣಿ, ಕೃತ್ತಿಕೆ ಮಳೆ ಬರುವಾಗ. ಆಮೇಲೆ ಮಳೆಗಾಲ ಮುಗಿಯುತ್ತಾ ಹಸ್ತ, ಚಿತ್ತೆ ಬರುವಾಗ ಮತ್ತೊಂದು ಸುತ್ತು. ಮಧ್ಯಾಹ್ನದವರೆಗೆ ಸುಡುವ ಬಿಸಿಲು, ಸಂಜೆ ಮೋಡ ಕಟ್ಟಿ ಗುಡುಗು. ಮರುದಿನ ಬೆಳಿಗ್ಗೆ ನೋಡಿದರೆ ಮೋಡೆಮ್ ಇಲ್ಲ, ಟಿವಿ ಇಲ್ಲ, ಕಂಪ್ಯೂಟರ್ ಆನ್ ಆಗುತ್ತಿಲ್ಲ.

ಟಿವಿ ಹೋದರೆ ಇನ್ನೊಂದು ತರಬಹುದು. ಹಾರ್ಡ್ ಡಿಸ್ಕ್ ವಿಷಯ ಹಾಗಲ್ಲ. ಸಾಗರ, ತೀರ್ಥಹಳ್ಳಿ ಕಡೆಯ ಸ್ಟುಡಿಯೋಗಳಲ್ಲಿ ಮದುವೆ ವಿಡಿಯೋಗಳು ಅದರಲ್ಲೇ ಇರುತ್ತವೆ. ರಾತ್ರಿಯಿಡೀ ಕೂತು ರೆಕಾರ್ಡ್ ಮಾಡಿಕೊಂಡ ಯಕ್ಷಗಾನ, ತಾಳಮದ್ದಲೆ ಅದರಲ್ಲೇ ಇರುತ್ತದೆ. ಅಡಿಕೆ ವ್ಯಾಪಾರದ ಲೆಕ್ಕ, ಈಗ ಇಲ್ಲದ ಅಜ್ಜ ಅಜ್ಜಿಯ ಫೋಟೋ, ಎಲ್ಲವೂ ಆ ಪುಟ್ಟ ಡಬ್ಬಿಯಲ್ಲಿ. ಬೇರೆ ಕಡೆ ಕಾಪಿ ಇಟ್ಟವರು ಕಮ್ಮಿ.

ಹೀಗೆ ಕರೆಂಟಿನ ಹೊಡೆತಕ್ಕೆ ಹೋದ ಡಿಸ್ಕ್‌ಗಳಲ್ಲಿ ಎಷ್ಟೋ ಸಲ ಡೇಟಾ ಒಂಚೂರೂ ಹಾಳಾಗಿರುವುದಿಲ್ಲ. ಹಾಳಾಗಿರುವುದು ಡಿಸ್ಕಿನ ಬೆನ್ನಿಗೆ ಅಂಟಿಕೊಂಡಿರುವ ಹಸಿರು ಬೋರ್ಡ್ ಮಾತ್ರ. ಅದನ್ನು ರಿಪೇರಿ ಮಾಡುವುದು ಅಂದರೆ ಏನು, ಯಾವಾಗ ಆಗುತ್ತದೆ, ಯಾವಾಗ ಆಗುವುದಿಲ್ಲ, ಇದನ್ನು ಬುಡದಿಂದ ನೋಡೋಣ.

ಒಳಗೇನಿದೆ, ಹೊರಗೇನಿದೆ

ಹಾರ್ಡ್ ಡಿಸ್ಕಿನಲ್ಲಿ ಎರಡು ಭಾಗ. ಒಂದು, ಮುಚ್ಚಿದ ಅಲ್ಯೂಮಿನಿಯಂ ಡಬ್ಬಿ. ಅದರೊಳಗೆ ಕನ್ನಡಿಯ ಹಾಗೆ ಹೊಳೆಯುವ ತಟ್ಟೆಗಳಿವೆ. ಡೇಟಾ ಇರುವುದು ಆ ತಟ್ಟೆಗಳ ಮೇಲೆ, ಆಯಸ್ಕಾಂತದ ಗುರುತುಗಳಾಗಿ. ಸಾಮಾನ್ಯ ಡಿಸ್ಕುಗಳಲ್ಲಿ ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತದೆ. ಅದರ ಮೇಲೆ ಓದುವ ಬರೆಯುವ ಹೆಡ್ ತೇಲುತ್ತದೆ. ಹೆಡ್ ಮತ್ತು ತಟ್ಟೆಯ ನಡುವಿನ ಸಂದು ಕೆಲವೇ ನ್ಯಾನೋಮೀಟರ್. ನಮ್ಮ ತಲೆಗೂದಲಿನ ದಪ್ಪವೇ ಹತ್ತಾರು ಸಾವಿರ ನ್ಯಾನೋಮೀಟರ್ ಇದೆ, ಅಂದಮೇಲೆ ಒಂದು ಧೂಳಿನ ಕಣ ಹೊಕ್ಕರೂ ಏನಾಗಬಹುದು ನೋಡಿ. ಅದಕ್ಕೇ ಆ ಡಬ್ಬಿಯ ಮುಚ್ಚಳವನ್ನು ಮನೆಯಲ್ಲಾಗಲೀ ಸಾಮಾನ್ಯ ಅಂಗಡಿಯಲ್ಲಾಗಲೀ ಯಾವತ್ತೂ ತೆಗೆಯಬಾರದು.

ಎರಡನೆಯದು, ಡಬ್ಬಿಯ ಹೊರಗೆ ನಾಲ್ಕಾರು ಸ್ಕ್ರೂಗಳಲ್ಲಿ ಕೂತಿರುವ ಸರ್ಕ್ಯೂಟ್ ಬೋರ್ಡ್. ಕರೆಂಟ್ ಬರುವುದು ಇದಕ್ಕೆ. ಕಂಪ್ಯೂಟರ್ ಜೊತೆ ಮಾತಾಡುವುದೂ ಇದೇ. ಇದರ ಮೇಲೆ ಮುಖ್ಯವಾಗಿ ನಾಲ್ಕು ಚಿಪ್ ಇರುತ್ತವೆ. ದೊಡ್ಡ ಚೌಕದ ಚಿಪ್ ಇಡೀ ಡಿಸ್ಕಿನ ಯಜಮಾನ. ಇನ್ನೊಂದು ಮೋಟಾರ್ ತಿರುಗಿಸುವ, ಹೆಡ್ಡನ್ನು ಆಚೀಚೆ ಆಡಿಸುವ ಡ್ರೈವರ್ ಚಿಪ್. ಮೂರನೆಯದು ತಾತ್ಕಾಲಿಕ ಮೆಮೊರಿ. ನಾಲ್ಕನೆಯದು ಎಂಟೇ ಕಾಲಿರುವ ಪುಟ್ಟ ರೋಮ್ ಚಿಪ್, ಅಂದರೆ ಕರೆಂಟ್ ಹೋದರೂ ಬರೆದದ್ದನ್ನು ಮರೆಯದ ಮೆಮೊರಿ. ಈ ಪುಟಾಣಿ ಚಿಪ್ಪನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದರದ್ದೇ ದೊಡ್ಡ ಕಥೆ ಇದೆ.

ಬೋರ್ಡಿನಲ್ಲಿ ನಿಮ್ಮ ಫೋಟೋ, ವಿಡಿಯೋ ಯಾವುದೂ ಇಲ್ಲ. ಹಾಗಾಗಿ ಬೋರ್ಡ್ ಸುಟ್ಟರೆ ಡೇಟಾ ಸುಟ್ಟಂತಲ್ಲ. ಅಲ್ಲಿಗೆ ಹೋಗುವ ದಾರಿ ಮುಚ್ಚಿದೆ, ಅಷ್ಟೇ.

ಹೊಡೆತ ಎಲ್ಲಿಂದ ಬರುತ್ತದೆ

ಸಿಡಿಲು ನೇರ ಮನೆಗೇ ಬಡಿಯಬೇಕೆಂದಿಲ್ಲ. ದೂರದಲ್ಲೆಲ್ಲೋ ಲೈನಿಗೆ ಹೊಡೆದರೂ ತಂತಿಯಲ್ಲಿ ವೋಲ್ಟೇಜ್ ಒಮ್ಮೆಲೇ ಏರುತ್ತದೆ. ನಮ್ಮಲ್ಲಿ ಲೈನುಗಳು ಕಾಡು, ತೋಟ, ಗುಡ್ಡದ ನಡುವೆ ಹಾದು ಬರುತ್ತವೆ. ಗಾಳಿಗೆ ಮರದ ಕೊಂಬೆ ಬಿದ್ದು ನ್ಯೂಟ್ರಲ್ ತಂತಿ ಕಡಿದರೆ ಇನ್ನೊಂದು ಅಪಾಯ. ಆಗ 230 ವೋಲ್ಟ್ ಬರಬೇಕಾದ ಮನೆಗೆ 400ರ ಹತ್ತಿರದವರೆಗೂ ಬರಬಹುದು. ಜನ "ಹೈ ವೋಲ್ಟೇಜ್ ಬಂತು" ಅನ್ನುವುದು ಇದಕ್ಕೇ. ಕಂಪ್ಯೂಟರಿನ ಪವರ್ ಸಪ್ಲೈ ಒಳ್ಳೆಯದಿದ್ದರೆ ತಾನು ಹೋಗಿ ಉಳಿದದ್ದನ್ನು ಉಳಿಸುತ್ತದೆ. ಅಗ್ಗದ್ದಾದರೆ ಹೊಡೆತವನ್ನು ಮುಂದಕ್ಕೆ ಬಿಡುತ್ತದೆ.

ಸಿಡಿಲಿಲ್ಲದೆಯೂ ಬೋರ್ಡ್ ಹೋಗುವ ಇನ್ನೊಂದು ಕಾರಣ ಇದೆ. ಅಡಾಪ್ಟರ್ ಅದಲು ಬದಲಾಗುವುದು. ಮೇಜಿನ ಮೇಲಿಡುವ ದೊಡ್ಡ ಎಕ್ಸ್‌ಟರ್ನಲ್ ಡಿಸ್ಕಿಗೆ 12 ವೋಲ್ಟ್ ಅಡಾಪ್ಟರ್ ಬೇಕು. ಲ್ಯಾಪ್‌ಟಾಪ್ ಅಡಾಪ್ಟರ್ ಸಾಮಾನ್ಯವಾಗಿ 19 ವೋಲ್ಟ್. ಎಷ್ಟೋ ಸಲ ಎರಡರ ಪಿನ್ನೂ ಒಂದೇ ಅಳತೆ. ಕರೆಂಟ್ ಹೋಗಿ ಬಂದ ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ್ದನ್ನು ಚುಚ್ಚಿದರೆ ಅಲ್ಲಿಗೆ ಮುಗಿಯಿತು.

ಮೊದಲು ಕಿವಿ, ಆಮೇಲೆ ಮೂಗು

ಡಿಸ್ಕ್ ಕೆಲಸ ಮಾಡುತ್ತಿಲ್ಲ ಅಂದಕೂಡಲೇ ಬೋರ್ಡೇ ಹೋಗಿದೆ ಅಂತ ತೀರ್ಮಾನ ಮಾಡಬಾರದು. ತೊಂದರೆ ಎಲ್ಲಿದೆ ಅನ್ನುವುದನ್ನು ಅದರ ಸದ್ದು ಬಹುಮಟ್ಟಿಗೆ ಹೇಳುತ್ತದೆ.

ಡಿಸ್ಕ್ ತಿರುಗುತ್ತಿದೆ, ಆದರೆ ಟಕ್ ಟಕ್ ಅಂತ ಒಂದೇ ಲಯದಲ್ಲಿ ಬಡಿಯುತ್ತಿದೆ ಅಂದರೆ ಹೆಚ್ಚಿನಂಶ ಹೆಡ್ ಹೋಗಿದೆ. ಕುಂಯ್ ಅಂತ ಸಣ್ಣಗೆ ಬೀಪ್ ಮಾಡುತ್ತಾ ತಿರುಗಲು ಒದ್ದಾಡುತ್ತಿದ್ದರೆ ಹೆಡ್ ತಟ್ಟೆಗೆ ಅಂಟಿಕೊಂಡಿರಬಹುದು, ಇಲ್ಲವೇ ಮೋಟಾರ್ ಬಿಗಿಯಾಗಿರಬಹುದು. ಇವೆರಡೂ ಡಬ್ಬಿಯ ಒಳಗಿನ ಕಾಯಿಲೆ. ಬೋರ್ಡ್ ರಿಪೇರಿಯಿಂದ ಸಾಮಾನ್ಯವಾಗಿ ಇವು ವಾಸಿಯಾಗುವುದಿಲ್ಲ. ಧೂಳಿಲ್ಲದ ವಿಶೇಷ ಕೋಣೆ ಇರುವ ಡೇಟಾ ರಿಕವರಿ ಲ್ಯಾಬ್ ಬೇಕು. ಆನ್ ಮಾಡಿ ಆನ್ ಮಾಡಿ ನೋಡುತ್ತಾ ಕೂತರೆ ಹೆಡ್ ತಟ್ಟೆಯನ್ನು ಗೀರುತ್ತದೆ. ಗೀರಿದ ಜಾಗದ ಡೇಟಾ ಯಾರಿಂದಲೂ ವಾಪಸ್ ತರಲಾಗದು.

ಬೋರ್ಡ್ ಹೋದ ಡಿಸ್ಕ್ ಹೆಚ್ಚಾಗಿ ಮಾತೇ ಆಡುವುದಿಲ್ಲ. ತಿರುಗುವ ಸದ್ದಿಲ್ಲ, ಅಂಗೈ ಮೇಲಿಟ್ಟರೆ ಅದುರುವುದಿಲ್ಲ. ಕೆಲವೊಮ್ಮೆ ಬೋರ್ಡ್ ಹತ್ತಿರ ಮೂಗು ಹಿಡಿದರೆ ಸುಟ್ಟ ವಾಸನೆ. ಇನ್ನೂ ಒಂದು ಒಳ್ಳೆಯ ಗುರುತಿದೆ. ಡಿಸ್ಕ್ ಸಿಕ್ಕಿಸಿದರೆ ಇಡೀ ಕಂಪ್ಯೂಟರೇ ಆನ್ ಆಗುವುದಿಲ್ಲ, ಫ್ಯಾನ್ ಅರೆಕ್ಷಣ ಅಲುಗಾಡಿ ನಿಲ್ಲುತ್ತದೆ. ಡಿಸ್ಕಿನ ಪವರ್ ವೈರ್ ಕಿತ್ತರೆ ಕಂಪ್ಯೂಟರ್ ಸರಿಯಾಗಿ ಆನ್ ಆಗುತ್ತದೆ. ಹೀಗಾದರೆ ನನಗೆ ಸಮಾಧಾನವೇ ಆಗುತ್ತದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ತಾನು ಸತ್ತು ಡಿಸ್ಕ್ ಉಳಿಸುವ ಡಯೋಡ್

ಬೋರ್ಡಿನ ಪವರ್ ಕನೆಕ್ಟರ್ ಹತ್ತಿರ ಕಣ್ಣಿಟ್ಟು ನೋಡಿ. ಸುತ್ತಲಿನ ಚೂರುಪಾರು ಭಾಗಗಳಿಗಿಂತ ದಪ್ಪಗೆ, ಕಪ್ಪಗೆ, ಆಯತಾಕಾರದ ಒಂದೆರಡು ತುಂಡು ಕಾಣುತ್ತವೆ. ಇವೇ ಟಿವಿಎಸ್ ಡಯೋಡ್. ಡೆಸ್ಕ್‌ಟಾಪಿನ 3.5 ಇಂಚಿನ ಡಿಸ್ಕಿಗೆ 12 ವೋಲ್ಟ್, 5 ವೋಲ್ಟ್ ಎರಡೂ ಬರುತ್ತವೆ. ಹಾಗಾಗಿ ಸಾಮಾನ್ಯವಾಗಿ ಎರಡು ಡಯೋಡ್. ಲ್ಯಾಪ್‌ಟಾಪಿನ 2.5 ಇಂಚಿನದಕ್ಕೆ 5 ವೋಲ್ಟ್ ಮಾತ್ರ ಸಾಕು.

ಇದರ ಒಂದು ಕಾಲು ಪವರ್ ಲೈನಿನಲ್ಲಿ, ಇನ್ನೊಂದು ಗ್ರೌಂಡಿನಲ್ಲಿ, ಅಂದರೆ ಕರೆಂಟ್ ವಾಪಸ್ ಹೋಗುವ ದಾರಿಯಲ್ಲಿ. ವೋಲ್ಟೇಜ್ ಸರಿಯಿರುವಷ್ಟು ಹೊತ್ತು ಇದು ಏನೂ ಮಾಡದೆ ಸುಮ್ನೆ ಕೂತಿರುತ್ತದೆ. ವೋಲ್ಟೇಜ್ ಮಿತಿ ದಾಟಿದ ಕ್ಷಣ ಬಾಗಿಲು ತೆರೆದು ಹೆಚ್ಚುವರಿ ಕರೆಂಟನ್ನು ಗ್ರೌಂಡಿಗೆ ಹರಿಸಿಬಿಡುತ್ತದೆ. ಹೊಡೆತ ಚಿಕ್ಕದಾದರೆ ಡಯೋಡ್ ತಡೆದುಕೊಳ್ಳುತ್ತದೆ. ದೊಡ್ಡದಾದರೆ ಸುಟ್ಟು ಶಾರ್ಟ್ ಆಗುತ್ತದೆ. ಅಂದರೆ ಆ ಬಾಗಿಲು ಶಾಶ್ವತವಾಗಿ ತೆರೆದೇ ಉಳಿಯುತ್ತದೆ. ಆಮೇಲೆ ಎಷ್ಟು ಕರೆಂಟ್ ಕೊಟ್ಟರೂ ನೇರ ಗ್ರೌಂಡಿಗೆ. ಪವರ್ ಸಪ್ಲೈ ಇದನ್ನು ಶಾರ್ಟ್ ಅಂತ ಗುರುತಿಸಿ ತಾನೇ ಬಂದ್ ಆಗುತ್ತದೆ. ಕಂಪ್ಯೂಟರ್ ಆನ್ ಆಗದೇ ಇದ್ದದ್ದು ಇದಕ್ಕೇ. ಅಂಥ ಡಿಸ್ಕ್ ನೋಡಿದರೆ ಸಮಾಧಾನ ಅಂದಿದ್ದು ಯಾಕೆಂದರೆ, ಡಯೋಡ್ ಶಾರ್ಟ್ ಆಗಿದೆ ಅಂದರೆ ಹೊಡೆತ ಅಲ್ಲಿಗೇ ನಿಂತಿರುವ ಸಾಧ್ಯತೆ ಜಾಸ್ತಿ.

ಪರೀಕ್ಷೆ ಕಷ್ಟದ್ದಲ್ಲ. ಡಿಸ್ಕಿಗೆ ಕರೆಂಟ್ ಇರಬಾರದು. ಮಲ್ಟಿಮೀಟರನ್ನು ಬೀಪ್ ಬರುವ ಸೆಟ್ಟಿಂಗಿಗೆ ತಿರುಗಿಸಿ. ಕಪ್ಪು ತಂತಿಯನ್ನು ಬೋರ್ಡಿನ ಸ್ಕ್ರೂ ತೂತಿನ ಸುತ್ತ ಇರುವ ಲೋಹಕ್ಕೆ ಹಿಡಿಯಿರಿ, ಅದು ಗ್ರೌಂಡ್. ಕೆಂಪು ತಂತಿಯನ್ನು ಡಯೋಡಿನ ಎರಡು ತುದಿಗೂ ಒಂದೊಂದಾಗಿ ಮುಟ್ಟಿಸಿ. ಒಂದು ತುದಿ ಗ್ರೌಂಡೇ ಆದ್ದರಿಂದ ಅಲ್ಲಿ ಬೀಪ್ ಬಂದೇ ಬರುತ್ತದೆ. ಇನ್ನೊಂದು ತುದಿಯಲ್ಲೂ ಬೀಪ್ ಬಂದು ಮೀಟರ್ ಸೊನ್ನೆಯ ಹತ್ತಿರ ತೋರಿಸಿದರೆ ಆ ಲೈನ್ ಶಾರ್ಟ್ ಆಗಿದೆ.

ಆಗ ಆ ಡಯೋಡನ್ನು ಬಿಸಿಗಾಳಿ ಊದಿ ಬೆಸುಗೆ ಕರಗಿಸುವ ಹಾಟ್ ಏರ್‌ನಿಂದ ಬಿಡಿಸಿ ತೆಗೆಯುತ್ತಾರೆ. ತೆಗೆದ ಮೇಲೆ ಅದೇ ಜಾಗವನ್ನು ಮತ್ತೆ ಅಳೆಯಬೇಕು. ಇದನ್ನು ಮರೆಯುವವರು ಬಹಳ. ಶಾರ್ಟ್ ಹೋಗಿದ್ದರೆ ಡಯೋಡೇ ಕಾರಣ, ಡಿಸ್ಕಿಗೆ ಕರೆಂಟ್ ಕೊಟ್ಟು ನೋಡಬಹುದು. ಡಯೋಡ್ ತೆಗೆದ ಮೇಲೂ ಬೀಪ್ ಬರುತ್ತಿದ್ದರೆ ಒಳಗೆ ಮೋಟಾರ್ ಡ್ರೈವರ್ ಚಿಪ್ಪೋ ಇನ್ನೊಂದೋ ಶಾರ್ಟ್ ಆಗಿದೆ. ಆಗ ಕರೆಂಟ್ ಕೊಡಲೇಬಾರದು. ಡಯೋಡ್ ಪಕ್ಕದಲ್ಲಿ ಸೊನ್ನೆ ಅಂತ ಬರೆದಿರುವ ಚಿಕ್ಕ ರೆಸಿಸ್ಟರ್‌ಗಳಿದ್ದರೆ ಅವನ್ನೂ ನೋಡಬೇಕು. ಕೆಲವು ಬೋರ್ಡುಗಳಲ್ಲಿ ಇವು ಫ್ಯೂಸಿನ ಕೆಲಸ ಮಾಡಿ ಕಡಿದುಹೋಗಿರುತ್ತವೆ.

ಡಯೋಡ್ ಇಲ್ಲದೆಯೂ ಡಿಸ್ಕ್ ಓಡುತ್ತದೆ. ಆದರೆ ಕಾವಲು ಇರುವುದಿಲ್ಲ. ಇನ್ನೊಂದು ಹೊಡೆತ ಬಂದರೆ ನೇರ ಚಿಪ್ಪಿಗೇ. ಅದಕ್ಕೇ ಡೇಟಾ ಕಾಪಿ ಮಾಡುವಷ್ಟು ಹೊತ್ತು ಮಾತ್ರ, ಸರಿಯಾದ ಪವರ್ ಸಪ್ಲೈ ಮೇಲೆ ಓಡಿಸಬೇಕು. ಡಿಸ್ಕನ್ನು ಕೊಂದ ಅದೇ ಅಡಾಪ್ಟರನ್ನು ಮತ್ತೆ ಚುಚ್ಚುವ ಹಾಗಿಲ್ಲ.

ಅದೇ ಮಾದರಿಯ ಇನ್ನೊಂದು ಬೋರ್ಡ್ ಹಾಕಿದರೆ?

ಡ್ರೈವರ್ ಚಿಪ್ ಸುಟ್ಟು ಮೇಲೆ ತೂತೇ ಬಿದ್ದಿದ್ದರೆ ಬೋರ್ಡ್ ಬದಲಿಸಬೇಕಾಗುತ್ತದೆ. ಎಲ್ಲರಿಗೂ ಹೊಳೆಯುವ ಉಪಾಯ ಒಂದೇ. ಅದೇ ಕಂಪನಿಯ, ಅದೇ ಮಾದರಿಯ, ಅಷ್ಟೇ ಜಿಬಿಯ ಹಳೇ ಡಿಸ್ಕ್ ಹುಡುಕಿ, ಅದರ ಬೋರ್ಡ್ ಬಿಚ್ಚಿ ಇದಕ್ಕೆ ಕೂರಿಸುವುದು. ಸುಮಾರು 20 ವರ್ಷದ ಹಿಂದಿನ ಡಿಸ್ಕುಗಳಲ್ಲಿ ಇದು ಬಹಳಷ್ಟು ಸಲ ನಡೆಯುತ್ತಿತ್ತು. ಈಗಿನವುಗಳಲ್ಲಿ ಹಾಗೇ ಹಾಕಿದರೆ ಡಿಸ್ಕ್ ತಿರುಗಬಹುದು, ಟಕ್ ಟಕ್ ಅನ್ನಬಹುದು, ಡೇಟಾ ಮಾತ್ರ ಬರುವುದಿಲ್ಲ.

ಕಾರಣ ಆ ಎಂಟು ಕಾಲಿನ ರೋಮ್ ಚಿಪ್. ಒಂದೇ ಕಾರ್ಖಾನೆಯಲ್ಲಿ ಒಂದೇ ದಿನ ತಯಾರಾದ ಎರಡು ಡಿಸ್ಕ್ ಕೂಡ ಪೂರ್ತಿ ಒಂದೇ ಥರ ಇರುವುದಿಲ್ಲ. ಹೆಡ್‌ಗಳ ಓದುವ ತುದಿ, ಬರೆಯುವ ತುದಿಯ ನಡುವಿನ ಅಂತರ ಒಂದರಲ್ಲಿ ಒಂಥರ, ಇನ್ನೊಂದರಲ್ಲಿ ಇನ್ನೊಂಥರ. ಯಾವ ಹೆಡ್‌ಗಳನ್ನು ಬಳಸಬೇಕು, ಯಾವುದಕ್ಕೆ ಎಷ್ಟು ಕರೆಂಟ್ ಕೊಡಬೇಕು, ಇವೂ ಬೇರೆ ಬೇರೆ. ಕಾರ್ಖಾನೆಯಲ್ಲಿ ಪ್ರತಿ ಡಿಸ್ಕನ್ನೂ ಪರೀಕ್ಷಿಸಿ ಅದರದೇ ಲೆಕ್ಕವನ್ನು ಬರೆದಿಡುತ್ತಾರೆ. ಆ ಲೆಕ್ಕದ ಒಂದು ಪಾಲು ತಟ್ಟೆಯ ಮೇಲೇ ಒಂದು ಗುಟ್ಟಿನ ಜಾಗದಲ್ಲಿರುತ್ತದೆ. ಆ ಜಾಗವನ್ನು ಓದಲು ಮೊದಲು ಬೇಕಾಗುವ ಪಾಲು ರೋಮ್ ಚಿಪ್ಪಿನಲ್ಲಿರುತ್ತದೆ.

ಕನ್ನಡಕ ಇದ್ದ ಹಾಗೆ. ಅಕ್ಕಪಕ್ಕದ ಮನೆಯ ಇಬ್ಬರು ಒಂದೇ ಅಂಗಡಿಯಲ್ಲಿ ಒಂದೇ ಫ್ರೇಮ್ ತಗೊಂಡಿರಬಹುದು. ನೋಡಲು ಎರಡೂ ಒಂದೇ. ಆದರೆ ಅವರ ನಂಬರ್ ಅವರಿಗೆ, ಇವರ ನಂಬರ್ ಇವರಿಗೆ. ಫ್ರೇಮ್ ಮುರಿದರೆ ಪಕ್ಕದ ಮನೆಯವರ ಫ್ರೇಮ್ ತರಬಹುದು, ಅದಕ್ಕೆ ನಮ್ಮದೇ ಗಾಜು ಕೂರಿಸಬೇಕು. ಬೋರ್ಡ್ ಬದಲಿಸುವಾಗ ಮಾಡುವುದೂ ಅದನ್ನೇ. ಹಳೇ ಬೋರ್ಡಿನ ರೋಮ್ ಚಿಪ್ಪನ್ನು ಬಿಡಿಸಿ ಹೊಸ ಬೋರ್ಡಿಗೆ ಹಾಕಬೇಕು.

ಚಿಪ್ ಬದಲಿಸುವ ಕೆಲಸ

ಮೊದಲು ಸರಿಯಾದ ಬೋರ್ಡ್ ಸಿಗಬೇಕು. ಡಿಸ್ಕಿನ ಮೇಲಿನ ಸ್ಟಿಕರಿನಲ್ಲಿರುವ ಮಾದರಿ ಸಂಖ್ಯೆ ಒಂದೇ ಆದರೆ ಸಾಲದು. ಹಸಿರು ಬೋರ್ಡಿನ ಮೇಲೇ ಅಚ್ಚಾಗಿರುವ ನಂಬರ್ ಹೊಂದಬೇಕು. ಡಬ್ಲ್ಯುಡಿ (ವೆಸ್ಟರ್ನ್ ಡಿಜಿಟಲ್) ಕಂಪನಿಯ ಡಿಸ್ಕುಗಳಲ್ಲಿ ಇದು ಸಾಮಾನ್ಯವಾಗಿ 2060ರಿಂದ ಶುರುವಾಗುತ್ತದೆ, ಸೀಗೇಟ್‌ನಲ್ಲಿ 100ರಿಂದ. ಮುಖ್ಯ ಚಿಪ್‌ಗಳ ಮೇಲಿನ ಬರಹವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಇನ್ನೂ ಒಳ್ಳೆಯದು.

ಬೋರ್ಡ್ ಬಿಚ್ಚಲು ನಕ್ಷತ್ರದ ಆಕಾರದ ಟಾರ್ಕ್ಸ್ ಸ್ಕ್ರೂ ಡ್ರೈವರ್ ಬೇಕು. ರೋಮ್ ಚಿಪ್ ಅಕ್ಕಿಕಾಳಿಗಿಂತ ತುಸು ದೊಡ್ಡದು. ಒಂದು ಬದಿಗೆ ನಾಲ್ಕು, ಇನ್ನೊಂದು ಬದಿಗೆ ನಾಲ್ಕು ಕಾಲು. ಮೇಲೆ ಬರೆದಿರುವ ಸಂಖ್ಯೆಯಲ್ಲಿ ಹೆಚ್ಚಾಗಿ 25 ಇರುತ್ತದೆ. ಮೂಲೆಯಲ್ಲಿ ಒಂದು ಚುಕ್ಕಿ ಇರುತ್ತದೆ, ಅದು ಒಂದನೇ ಕಾಲಿನ ಗುರುತು. ಬಿಡಿಸುವ ಮೊದಲು ಆ ಚುಕ್ಕಿ ಯಾವ ಕಡೆ ಇತ್ತು ಅಂತ ಫೋಟೋ ತೆಗೆದಿಟ್ಟುಕೊಳ್ಳಲೇಬೇಕು. ಉಲ್ಟಾ ಹಾಕಿ ಕರೆಂಟ್ ಕೊಟ್ಟರೆ ಚಿಪ್ ಸುಡಬಹುದು. ಇದು ಹೋದರೆ ಅದರಲ್ಲಿದ್ದ ಲೆಕ್ಕವೂ ಹೋದಂತೆ. ಬಲ್ಲವರು ಬಿಡಿಸಿದ ಕೂಡಲೇ ಪ್ರೋಗ್ರಾಮರ್ ಎಂಬ ಚಿಕ್ಕ ಉಪಕರಣಕ್ಕೆ ಹಾಕಿ ಒಳಗಿರುವುದನ್ನು ಕಂಪ್ಯೂಟರಿಗೆ ಕಾಪಿ ಮಾಡಿಟ್ಟುಕೊಳ್ಳುತ್ತಾರೆ. ರಿಪೇರಿಗೆ ಕೊಡುವಾಗ ಇದನ್ನು ಮಾಡುತ್ತೀರಾ ಅಂತ ಕೇಳುವುದರಲ್ಲಿ ತಪ್ಪಿಲ್ಲ.

ಹಾಟ್ ಏರ್‌ನಲ್ಲಿ ಚಿಪ್ ಬಿಡಿಸಿ ಕೂರಿಸುವುದು ಮೊಬೈಲ್ ರಿಪೇರಿ ಮಾಡುವವರಿಗೆ ದಿನನಿತ್ಯದ ಕೆಲಸ. ಶಿವಮೊಗ್ಗದಲ್ಲಿ, ಅಷ್ಟೇ ಯಾಕೆ, ತಾಲೂಕು ಕೇಂದ್ರಗಳಲ್ಲೂ ಈ ಕೈಚಳಕ ಇರುವವರಿದ್ದಾರೆ. ಅವರಿಗೆ ಯಾವ ಚಿಪ್, ಯಾಕೆ ಅನ್ನುವುದು ಗೊತ್ತಿದ್ದರೆ ಸಾಕು.

ಕೆಲವು ಬೋರ್ಡುಗಳಲ್ಲಿ ಎಷ್ಟು ಹುಡುಕಿದರೂ ಎಂಟು ಕಾಲಿನ ಚಿಪ್ ಸಿಗುವುದಿಲ್ಲ. ಅಲ್ಲಿ ರೋಮ್ ದೊಡ್ಡ ಚಿಪ್ಪಿನೊಳಗೇ ಸೇರಿಕೊಂಡಿರುತ್ತದೆ. ಇಂಥದ್ದು ಲ್ಯಾಬಿನ ಕೆಲಸ. ಅವರ ಬಳಿ ಪಿಸಿ-3000 ಥರದ ದುಬಾರಿ ಉಪಕರಣ ಇರುತ್ತದೆ. ಅದರಿಂದ ಡಿಸ್ಕಿನ ಒಳ ಲೆಕ್ಕವನ್ನು ಓದಿ ಬರೆಯಬಹುದು.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಡಿಸ್ಕ್ ಟಕ್ ಟಕ್ ಅಂದರೆ? ಡಬ್ಬಿಯೊಳಗೆ ಹೆಡ್‌ಗಳ ಹತ್ತಿರವೇ ಪ್ರಿಆಂಪ್ ಅನ್ನುವ ಒಂದು ಚಿಪ್ ಇದೆ. ಹೊಡೆತ ಬೋರ್ಡ್ ದಾಟಿ ಅಲ್ಲಿಯವರೆಗೆ ಹೋಗಿದ್ದರೆ ಅದೂ ಸುಟ್ಟಿರುತ್ತದೆ. ಆಗ ಇಲ್ಲಿಗೆ ನಿಲ್ಲಿಸಿ ಲ್ಯಾಬಿಗೆ ಕಳಿಸುವುದೊಂದೇ ದಾರಿ.

ಕರೆಂಟಿನ ತಪ್ಪಲ್ಲ, ಥಂಡಿಯದು

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಹೊಸನಗರ, ತೀರ್ಥಹಳ್ಳಿ ಸುತ್ತಲೂ ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೆ ಬೂಸ್ಟು ಹಿಡಿಯುತ್ತದೆ. ಅದೇ ಥಂಡಿ ಬೋರ್ಡಿನ ಅಡಿಯನ್ನೂ ಮುಟ್ಟುತ್ತದೆ.

ಬೋರ್ಡ್ ಬಿಚ್ಚಿ ಮಗುಚಿದರೆ ಸಾಲಾಗಿ ಚಿಕ್ಕ ಲೋಹದ ಪಟ್ಟಿಗಳು ಕಾಣುತ್ತವೆ. ಡಬ್ಬಿಯೊಳಗಿನ ಹೆಡ್‌ಗೂ ಮೋಟಾರಿಗೂ ಸಂಪರ್ಕ ಇವುಗಳಿಂದಲೇ. ಬೆಸುಗೆ ಇಲ್ಲ, ಸ್ಪ್ರಿಂಗಿನ ಹಾಗೆ ಒತ್ತಿ ಕೂತಿರುತ್ತವೆ, ಅಷ್ಟೇ. ಕೆಲವು ಹಳೇ ಡಿಸ್ಕುಗಳಲ್ಲಿ, ಅದರಲ್ಲೂ ಚಿನ್ನದ ಲೇಪ ಇಲ್ಲದ ಪಟ್ಟಿಗಳಲ್ಲಿ, ವರ್ಷಗಳು ಕಳೆದಂತೆ ಕಪ್ಪು ಪದರ ಕಟ್ಟುತ್ತದೆ. ಆಗ ಡಿಸ್ಕ್ ಒಮ್ಮೆ ಕಾಣಿಸುತ್ತದೆ, ಒಮ್ಮೆ ಇಲ್ಲ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಆ ಪಟ್ಟಿಗಳನ್ನು ಮೆಲ್ಲಗೆ ಉಜ್ಜಿ, ಪುಡಿಯನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಒಣಗಿದ ಮೇಲೆ ಬೋರ್ಡ್ ಕೂರಿಸಿದರೆ ಎದ್ದು ಕೂತ ಡಿಸ್ಕುಗಳಿವೆ. ಸ್ಯಾಂಡ್ ಪೇಪರ್ ಮಾತ್ರ ಬೇಡ.

ನೀರಿನಲ್ಲಿ ಪೂರ್ತಿ ಮುಳುಗಿದ ಡಿಸ್ಕಿನ ವಿಷಯ ಬೇರೆ. ಹೆಚ್ಚಿನ ಡಿಸ್ಕುಗಳಲ್ಲಿ ಗಾಳಿಯಾಡಲು ಒಂದು ಚಿಕ್ಕ ತೂತಿರುತ್ತದೆ. ಅಲ್ಲಿಂದ ಕೆಸರುನೀರು ಒಳಗೆ ಹೋಗಿರಬಹುದು. ಅಕ್ಕಿ ಡಬ್ಬದಲ್ಲಿ ಹುಗಿಯುವುದು, ಬಿಸಿಲಿಗಿಡುವುದು, ಹೇರ್ ಡ್ರೈಯರ್ ಹಿಡಿಯುವುದು ಬೇಡ. ನೀರು ಒಣಗಿ ಕೆಸರು ತಟ್ಟೆಗೆ ಗಟ್ಟಿಯಾಗಿ ಹಿಡಿದರೆ ಬಿಡಿಸುವುದು ಇನ್ನೂ ಕಷ್ಟ. ಕರೆಂಟ್ ಕೊಡದೆ, ಒದ್ದೆ ಇದ್ದ ಹಾಗೇ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ಲ್ಯಾಬಿಗೆ ಕೊಡಬೇಕು.

ಯುಎಸ್‌ಬಿ ಡಿಸ್ಕ್, ಎಸ್‌ಎಸ್‌ಡಿ

ಜೇಬಿನಲ್ಲಿ ಒಯ್ಯುವ ಯುಎಸ್‌ಬಿ ಡಿಸ್ಕುಗಳಲ್ಲಿ ಹಲವಕ್ಕೆ ಯುಎಸ್‌ಬಿ ಕಿಂಡಿ ಬೋರ್ಡಿಗೇ ಬೆಸೆದಿರುತ್ತದೆ. ವೈರ್ ಜಗ್ಗಿ ಕಿಂಡಿ ಕಿತ್ತುಬಂದರೆ ಅದನ್ನು ಮತ್ತೆ ಬೆಸೆಯಬಹುದು. ಇನ್ನೊಂದು ಸಂಗತಿ ಗೊತ್ತಿರಲಿ. ಡಬ್ಲ್ಯುಡಿಯ ಮೈ ಪಾಸ್‌ಪೋರ್ಟ್‌ನ ಹಲವು ಮಾದರಿಗಳಲ್ಲಿ, ನಾವು ಪಾಸ್‌ವರ್ಡ್ ಹಾಕದೇ ಇದ್ದರೂ, ಬೋರ್ಡಿನ ಒಂದು ಚಿಪ್ ಎಲ್ಲ ಡೇಟಾವನ್ನೂ ಗೂಢಲಿಪಿಗೆ ಬದಲಿಸಿ ಬರೆಯುತ್ತದೆ. ಬೇರೆ ಥರದ ಬೋರ್ಡ್ ಹಾಕಿದರೆ ಡಿಸ್ಕ್ ಎದ್ದರೂ ಒಳಗಿನದು ಅರ್ಥವಾಗದ ಅಕ್ಷರಗಳಾಗಿಯೇ ಉಳಿಯುತ್ತದೆ.

ಎಸ್‌ಎಸ್‌ಡಿಗೆ ಇಲ್ಲಿ ಹೇಳಿದ ಬೋರ್ಡ್ ಬದಲಿಸುವ ದಾರಿ ಹೊಂದುವುದಿಲ್ಲ. ಅದರಲ್ಲಿ ತಟ್ಟೆಯೇ ಇಲ್ಲ, ಡೇಟಾ ಇರುವ ಚಿಪ್‌ಗಳು ಬೋರ್ಡಿನ ಮೇಲೇ ಇರುತ್ತವೆ.

ಡಿಸ್ಕ್ ಎದ್ದ ಕೂಡಲೇ

ರಿಪೇರಿಯಾದ ಡಿಸ್ಕ್ ಕಂಪ್ಯೂಟರಿನಲ್ಲಿ ಕಾಣಿಸಿತು ಅಂತಿಟ್ಟುಕೊಳ್ಳಿ. ಫೋಲ್ಡರ್ ತೆರೆದು ಫೋಟೋ ನೋಡುತ್ತಾ ಕೂರಬೇಡಿ. ಮೊದಲು ಇನ್ನೊಂದು ಡಿಸ್ಕಿಗೆ ಕಾಪಿ. ತೀರಾ ಬೇಕಾದದ್ದು ಮೊದಲು, ಉಳಿದದ್ದು ಆಮೇಲೆ. ಓದುವಾಗ ತಡೆದು ತಡೆದು ಬರುತ್ತಿದ್ದರೆ ಲಿನಕ್ಸಿನಲ್ಲಿ ಡಿಡಿ-ರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಇದೆ. ಅದು ಸುಲಭವಾಗಿ ಸಿಗುವ ಭಾಗವನ್ನು ಮೊದಲು ಎತ್ತಿಕೊಂಡು, ಕಷ್ಟದ ಜಾಗಕ್ಕೆ ಆಮೇಲೆ ಬರುತ್ತದೆ. ಫಾರ್ಮ್ಯಾಟ್ ಮಾಡಬೇಕಾ ಅಂತ ವಿಂಡೋಸ್ ಕೇಳಿದರೆ ಬೇಡ ಅನ್ನಿ. ಚೆಕ್ ಡಿಸ್ಕ್ ಎಂಬ ವಿಂಡೋಸಿನ ಪರೀಕ್ಷೆ ಕೂಡ ಬೇಡ, ಅದು ತಪ್ಪು ಸರಿಮಾಡಲು ಹೋಗಿ ಡಿಸ್ಕಿನ ಮೇಲೆ ಬರೆಯಬಹುದು.

ಅಂಗಡಿಗೆ ಕೊಡುವ ಮೊದಲು

ಡಿಸ್ಕ್ ಹೇಗೆ ಹೋಯಿತು ಅನ್ನುವುದನ್ನು ಮುಚ್ಚಿಡದೆ ಹೇಳಿ. ಸಿಡಿಲಾ, ಅಡಾಪ್ಟರಾ, ಕೆಳಗೆ ಬಿತ್ತಾ? ಕೆಳಗೆ ಬಿದ್ದ ಡಿಸ್ಕಿಗೆ ಬೋರ್ಡ್ ಬದಲಿಸುತ್ತೇನೆ ಅಂತ ಯಾರಾದರೂ ಹೇಳಿದರೆ ಯೋಚಿಸಿ. ಮುಚ್ಚಳ ತೆಗೆದು ನೋಡುತ್ತೇನೆ ಅಂದರೆ ಡಿಸ್ಕ್ ವಾಪಸ್ ತಗೊಂಡು ಬನ್ನಿ. ವಾರಂಟಿ ಇನ್ನೂ ಇದ್ದರೆ, ಕಂಪನಿಯವರು ಸಾಮಾನ್ಯವಾಗಿ ಬದಲಿ ಡಿಸ್ಕ್ ಕೊಡುತ್ತಾರೆ, ಹಳೆಯದರ ಡೇಟಾ ಕೊಡುವುದಿಲ್ಲ. ಡೇಟಾ ಮುಖ್ಯವೋ ಹೊಸ ಡಿಸ್ಕ್ ಮುಖ್ಯವೋ ಅನ್ನುವುದನ್ನು ಕಳಿಸುವ ಮೊದಲೇ ತೀರ್ಮಾನಿಸಿ.

ಬೋರ್ಡ್ ಬದಲಿಸಿದರೆ ಹಳೇ ಬೋರ್ಡನ್ನು ಕೇಳಿ ತಗೊಳ್ಳಿ. ಎಷ್ಟೇ ಸುಟ್ಟು ಕರಕಲಾಗಿರಲಿ, ಅದರ ರೋಮ್ ಚಿಪ್ ಚೆನ್ನಾಗಿಯೇ ಇರಬಹುದು. ಸ್ಥಳೀಯ ರಿಪೇರಿ ಕೈಕೊಟ್ಟು ಲ್ಯಾಬಿಗೆ ಹೋಗಬೇಕಾಗಿ ಬಂದರೆ ಅವರು ಮೊದಲು ಕೇಳುವುದು ಅದನ್ನೇ. ಡಿಸ್ಕಿನ ಜೊತೆಗೇ ಒಂದು ಕವರಿನಲ್ಲಿ ಹಾಕಿ, ಮೇಲೆ ಡಿಸ್ಕಿನ ಸೀರಿಯಲ್ ನಂಬರ್ ಬರೆದಿಡಿ.